ಒಡೆದ ಹಳೆ ಪಿಂಗಾಣಿ: ಹೇಗೆ ಜೋಡಿಸುವುದು, ಯಾವ ತಿಂಗಳಲ್ಲಿ ಜೋಡಿಸುವುದು

"ಅಜ್ಜಿ ಕಾಲದ ಭರಣಿ ಒಡೆದುಹೋಗಿದೆ, ಜೋಡಿಸಬಹುದಾ? ಜೋಡಿಸಿದ ಮೇಲೆ ಮತ್ತೆ ಮಿಡಿ ಉಪ್ಪಿನಕಾಯಿ ಹಾಕಬಹುದಾ?"

ಮುಂಬೈ, ಪುಣೆಯ ಕನ್ನಡ ಮನೆಗಳಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಭರಣಿ ಅಲ್ಲದಿದ್ದರೆ ನೀಲಿ ಹೂವಿನ ತಟ್ಟೆ, ಇಲ್ಲವೇ ಹಿಡಿ ಮುರಿದ ಚಹಾ ಕಪ್ಪು. ಊರಿಂದ ಹಳೆ ಸೀರೆಯಲ್ಲಿ ಸುತ್ತಿ ತಂದದ್ದು. ಇಷ್ಟು ವರ್ಷ ಏನೂ ಆಗಿರಲಿಲ್ಲ, ಮನೆ ಬದಲಾಯಿಸುವ ದಿನ ಕೈ ಜಾರಿತು. ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಒಂದೇ ಕಡೆ ಎಲ್ಲವನ್ನೂ ಹೇಳಿಬಿಡುತ್ತೇನೆ.

ಉತ್ತರ ಮೊದಲೇ ಕೇಳಿ. ಜೋಡಿಸಬಹುದು. ಉಪ್ಪಿನಕಾಯಿ ಮಾತ್ರ ಬೇಡ. ಯಾವ ಅಂಟೇ ಆಗಲಿ, ಉಪ್ಪು, ಹುಳಿ, ಎಣ್ಣೆ ಮೂರೂ ಸೇರಿ ತಿಂಗಳುಗಟ್ಟಲೆ ಕೂತರೆ ತಡೆಯುವುದಿಲ್ಲ. ಜೊತೆಗೆ ಕೆಲವು ಹಳೆ ಪಾತ್ರೆಗಳ ಬಣ್ಣದಲ್ಲಿ, ಮೇಲಿನ ಲೇಪದಲ್ಲಿ ಸೀಸ ಇರುತ್ತದೆ. ಹುಳಿ ಅದನ್ನು ಹೊರಗೆ ಎಳೆಯುತ್ತದೆ. ಜೋಡಿಸಿದ ಭರಣಿಯನ್ನು ಶೋಕೇಸಿನಲ್ಲಿ ಇಡಿ, ಒಣ ಹೂವು ಇಡಿ. ಉಪ್ಪಿನಕಾಯಿಗೆ ಹೊಸ ಭರಣಿ ತನ್ನಿ.

ಇನ್ನೊಂದು ಮಾತು ಯಾರೂ ಕೇಳುವುದಿಲ್ಲ, ಆದರೆ ನಮ್ಮ ಕರಾವಳಿಯ ಊರುಗಳಲ್ಲಿ ಅದೇ ಮುಖ್ಯ. ಯಾವ ತಿಂಗಳಲ್ಲಿ ಕೆಲಸಕ್ಕೆ ಕೂರಬೇಕು? ಮುಂಬೈ, ಗೋವಾದ ಮಳೆಗಾಲದಲ್ಲಿ ಗಾಳಿಯ ತೇವ 80 ಶೇಕಡಕ್ಕಿಂತ ಮೇಲೆ ಇರುತ್ತದೆ. ಪಿಂಗಾಣಿ ಜೋಡಿಸುವ ಕೆಲವು ವಿಧಾನಗಳಿಗೆ ಈ ತೇವ ಶತ್ರು. ಒಂದು ವಿಧಾನಕ್ಕೆ ಮಾತ್ರ ಇದೇ ಬೇಕು. ಅದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆ ಪಾತ್ರೆ ಕೆಡಿಸಿಕೊಂಡಿದ್ದಾರೆ. ಅದಕ್ಕೇ ತಿಂಗಳು ಮುಖ್ಯವಾಗುವ ಕಡೆಯೆಲ್ಲ ಅದನ್ನೂ ಹೇಳುತ್ತೇನೆ.

1. ಚೂರು ಒಟ್ಟು ಮಾಡುವುದು

ಪಾತ್ರೆ ಬಿದ್ದ ತಕ್ಷಣ ಪೊರಕೆ ತರಬೇಡಿ. ಪೊರಕೆ ಚೂರಿಗೆ ಚೂರು ಉಜ್ಜುತ್ತದೆ, ಅಂಚು ಇನ್ನಷ್ಟು ಉದುರುತ್ತದೆ. ಮೊದಲು ದೊಡ್ಡ ಚೂರುಗಳನ್ನು ಕೈಯಿಂದ ಎತ್ತಿ. ಸಣ್ಣದನ್ನು ಒಂದು ಪೋಸ್ಟ್‌ಕಾರ್ಡಿನಂಥ ದಪ್ಪ ಕಾಗದದ ಮೇಲೆ ಎಳೆದುಕೊಳ್ಳಿ. ಸೋಫಾ, ಫ್ರಿಜ್ಜಿನ ಕೆಳಗೆ ಟಾರ್ಚ್ ಹಾಕಿ ನೋಡಿ. ಅಕ್ಕಿ ಕಾಳಿನಷ್ಟು ಚಿಕ್ಕ ಚೂರೂ ಬೇಕು. ಅದು ಸಿಗದಿದ್ದರೆ ಆ ಜಾಗ ತುಂಬಲು ನಿಮಗೆ ಎರಡು ದಿನ ಹಿಡಿಯುತ್ತದೆ.

ಪ್ರತಿ ಚೂರನ್ನೂ ಬೇರೆ ಬೇರೆ ಟಿಶ್ಯೂ ಕಾಗದದಲ್ಲಿ ಸುತ್ತಿ. ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಇನ್ನೊಂದು ತಪ್ಪು, "ಸರಿಯಾಗಿ ಕೂರುತ್ತಾ ನೋಡೋಣ" ಅಂತ ಆಗಲೇ ಚೂರುಗಳನ್ನು ಒಂದಕ್ಕೊಂದು ಒತ್ತುವುದು. ಹೊಸದಾಗಿ ಒಡೆದ ಅಂಚು ಸಕ್ಕರೆಯ ಹಾಗೆ. ಪ್ರತಿ ಸಲ ಒತ್ತಿದಾಗಲೂ ಸ್ವಲ್ಪ ಉದುರುತ್ತದೆ. ಒತ್ತಿ ನೋಡುವ ಹಂತ ಮುಂದೆ ಬರುತ್ತದೆ, ಒಂದೇ ಸಲ.

2. ಕೈಯಲ್ಲಿರುವುದು ಯಾವ ಪಾತ್ರೆ?

ನಾವು ಎಲ್ಲದಕ್ಕೂ ಪಿಂಗಾಣಿ ಅನ್ನುತ್ತೇವೆ. ಜೋಡಿಸುವಾಗ ಮೂರು ಜಾತಿ ಗೊತ್ತಿರಬೇಕು.

ನಿಜವಾದ ಪಿಂಗಾಣಿ ಅಂದರೆ ಪೋರ್ಸಲೀನ್. ಬಿಳಿ ಜೇಡಿಯನ್ನು ಸುಮಾರು 1300 ಡಿಗ್ರಿ ಶಾಖದಲ್ಲಿ ಸುಟ್ಟದ್ದು. ತೆಳ್ಳಗಿರುತ್ತದೆ, ಬೆಳಕಿಗೆ ಹಿಡಿದರೆ ಹಿಂದಿನ ಬೆರಳಿನ ನೆರಳು ಕಾಣುತ್ತದೆ. ಎರಡನೆಯದು ಸ್ಟೋನ್‌ವೇರ್, ಅಂದರೆ ಕಲ್ಲಿನಷ್ಟು ಗಟ್ಟಿ ಸುಟ್ಟ ಮಣ್ಣು. ನಮ್ಮ ಕಂದು-ಬಿಳಿ ಉಪ್ಪಿನಕಾಯಿ ಭರಣಿಗಳು ಹೆಚ್ಚಾಗಿ ಇದೇ. ಮೂರನೆಯದು ಅರ್ದನ್‌ವೇರ್. ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣು, ಮೇಲೆ ಗ್ಲೇಜು. ಗ್ಲೇಜು ಅಂದರೆ ಪಾತ್ರೆಯ ಮೇಲಿನ ಗಾಜಿನಂಥ ಹೊಳೆಯುವ ಪದರ.

ಪರೀಕ್ಷೆ ಸುಲಭ. ಒಡೆದ ಅಂಚಿನ ಮೇಲೆ ಒಂದು ಹನಿ ನೀರು ಬಿಡಿ. ಹನಿ ಹಾಗೇ ಕೂತರೆ ಪೋರ್ಸಲೀನ್ ಅಥವಾ ಸ್ಟೋನ್‌ವೇರ್. ಹೀರಿಕೊಂಡು ಆ ಜಾಗ ಕಪ್ಪಾದರೆ ಅರ್ದನ್‌ವೇರ್. ಹೀರುವ ಪಾತ್ರೆ ಅಂಟನ್ನೂ ಹೀರುತ್ತದೆ, ಕೊಳೆಯನ್ನೂ ಹೀರುತ್ತದೆ. ಅದಕ್ಕೆ ಎಲ್ಲ ಹಂತದಲ್ಲೂ ಹೆಚ್ಚು ಸಮಯ ಇಟ್ಟುಕೊಳ್ಳಿ.

ಒಡೆಯದೆ ಉಳಿದ ದೊಡ್ಡ ಭಾಗವನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ಗಂಟೆಯಂಥ ಸದ್ದು ಬಂದರೆ ಗಟ್ಟಿಯಾಗಿದೆ. "ಟಪ್" ಅಂತ ಸತ್ತ ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕು ಎಲ್ಲೋ ಇದೆ. ತೊಳೆಯುವಾಗ ಅಲ್ಲಿ ಬಿಟ್ಟುಕೊಳ್ಳಬಹುದು.

3. ನೀವೇ ಮಾಡಬೇಕಾ?

ಇಲ್ಲಿ ಸ್ವಲ್ಪ ನಿಲ್ಲಿ. ನೂರು ವರ್ಷ ದಾಟಿದ ಚೀನಾ ಪಿಂಗಾಣಿ ನಮ್ಮ ಕಡೆ ಅಪರೂಪ ಅಲ್ಲ. ಪೋರ್ಚುಗೀಸರು 1557ರ ಸುಮಾರಿಗೆ ಮಕಾವಿನಲ್ಲಿ ನೆಲೆಯಾದ ಮೇಲೆ ಆ ಪಿಂಗಾಣಿ ಗೋವಾಕ್ಕೆ ಹಡಗಿನಲ್ಲಿ ಬರುತ್ತಿತ್ತು. ಅಲ್ಲಿನ ಚಾಂದೋರ್‌ನಂಥ ಊರುಗಳ ದೊಡ್ಡ ಮನೆಗಳಲ್ಲಿ ಇವತ್ತಿಗೂ ಇದೆ. ಮುಂಬೈಯ ಪಾರ್ಸಿ ವ್ಯಾಪಾರಿಗಳು ಚೀನಾದ ಕ್ಯಾಂಟನ್‌ನಿಂದ ತಂದದ್ದು ಈಗಲೂ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಅಂಗಡಿಗಳಲ್ಲಿ ಕಣ್ಣಿಗೆ ಬೀಳುತ್ತದೆ. ನಿಮ್ಮದು ಅಂಥದ್ದೇನೋ ಅನ್ನುವ ಅನುಮಾನ ಇದ್ದರೆ ಅಂಟು ಮುಟ್ಟಬೇಡಿ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಕಲಾಕೃತಿ ಸಂರಕ್ಷಣಾ ಕೇಂದ್ರ ಇದೆ. ಅಲ್ಲಿ ವಿಚಾರಿಸಿ. ಹೋದಾಗ ಟಾಟಾ ಸಹೋದರರ ಸಂಗ್ರಹದಿಂದ ಬಂದ ಚೀನಾ, ಜಪಾನಿನ ಪಿಂಗಾಣಿಯನ್ನೂ ನೋಡಿ ಬನ್ನಿ. ಒಳ್ಳೆ ಪಾತ್ರೆ ಹೇಗಿರುತ್ತದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ.

ಅಮೆರಿಕದಲ್ಲಿರುವ ಮಗನ ಹತ್ತಿರ ಕಳಿಸಿ ಅಲ್ಲಿ ರಿಪೇರಿ ಮಾಡಿಸುತ್ತೇವೆ ಅನ್ನುವವರಿದ್ದಾರೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಕೈಕೆಲಸದ ವಸ್ತುವನ್ನು ಸುಮ್ನೆ ಕೊರಿಯರ್ ಮಾಡಿ ದೇಶದ ಹೊರಗೆ ಕಳಿಸುವಂತಿಲ್ಲ. ಹಾಗೆ ಮಾಡಲು ಹೋಗಬೇಡಿ.

ಬೆಲೆಗಿಂತ ನೆನಪು ದೊಡ್ಡದಾದ ಪಾತ್ರೆ, ನಾಲ್ಕೈದು ಚೂರಾಗಿದೆ, ಅಂಚು ಚೆನ್ನಾಗಿದೆ ಅಂದರೆ ಧೈರ್ಯವಾಗಿ ನೀವೇ ಮಾಡಿ.

4. ತೊಳೆಯುವುದು, ಹಳೆ ಅಂಟು ಬಿಡಿಸುವುದು

ಸಿಂಕಿನಲ್ಲಿ ತೊಳೆಯಬೇಡಿ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವೆಲ್ ಹಾಸಿ, ಉಗುರು ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಒಂದು ಸಲಕ್ಕೆ ಒಂದೇ ಚೂರು. ಒಡೆದ ಅಂಚನ್ನು ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಚಿನ್ನದ ಗೆರೆ ಇದ್ದರೆ, ಅಥವಾ ಕೈಗೆ ಉಬ್ಬಾಗಿ ಸಿಗುವ ಬಣ್ಣ ಇದ್ದರೆ ಅದರ ಮೇಲೆ ಬ್ರಷ್ ಬೇಡ. ಆ ಬಣ್ಣ ಗ್ಲೇಜಿನ ಮೇಲೆ ಕೂತದ್ದು, ಉಜ್ಜಿದರೆ ಹೋಗುತ್ತದೆ.

ಬಟ್ಟೆಗೆ ಹಾಕುವ ಬ್ಲೀಚ್ ಯಾವತ್ತೂ ಬೇಡ. ಅದು ಬಿರುಕಿನೊಳಗೆ ಉಪ್ಪು ಬಿಟ್ಟು ಹೋಗುತ್ತದೆ. ಒಣಗಿದ ಮೇಲೆ ಆ ಉಪ್ಪು ಹರಳಾಗಿ ಗ್ಲೇಜನ್ನು ಒಳಗಿಂದ ಎಬ್ಬಿಸುತ್ತದೆ. ಪೋರ್ಸಲೀನಿನ ಬಿರುಕಿನಲ್ಲಿ ಕಂದು ಕಲೆ ಇದ್ದರೆ 6 ಶೇಕಡ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಹತ್ತಿ ನೆನೆಸಿ, ಬಿರುಕಿನ ಮೇಲಿಟ್ಟು, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಕೈಗೆ ಗ್ಲೌಸ್ ಇರಲಿ. ಚಿನ್ನದ ಗೆರೆಗೆ ತಾಗಿಸಬೇಡಿ.

ಹಿಂದೆ ಯಾರೋ ಅಂಟಿಸಿದ್ದರೆ ಅದು ಪೂರ್ತಿ ಬಿಡಬೇಕು. ಬಿಸಿ ನೀರಿಗೆ ಮೆತ್ತಗಾದರೆ ಅದು ಹಳೆ ಕಾಲದ ಪ್ರಾಣಿಜನ್ಯ ಸರೇಸು. ಕಿತ್ತಳೆ ಅಥವಾ ಕಂದು ಬಣ್ಣದ, ಗಾಜಿನ ಹಾಗೆ ಪುಡಿಯಾಗುವ ಅಂಟಾದರೆ ಅದು ಅರಗು. ಪಾಲಿಶ್ ಮಾಡುವವರು ಬಳಸುವ ಸ್ಪಿರಿಟ್‌ಗೆ ಕರಗುತ್ತದೆ. ಇನ್‌ಸ್ಟಂಟ್ ಅಂಟಿಗೆ ಅಸಿಟೋನ್. ಹಳದಿಯಾದ ಎಪಾಕ್ಸಿಗೆ, ಅಂದರೆ ಎರಡು ಟ್ಯೂಬು ಬೆರೆಸುವ ಅಂಟಿಗೆ, ಅಸಿಟೋನ್‌ನಲ್ಲಿ ನೆನೆಸಿದ ಹತ್ತಿ ಸುತ್ತಿ ಒಂದು ರಾತ್ರಿ ಮುಚ್ಚಿಡಬೇಕು. ಕರಗುವುದಿಲ್ಲ, ಉಬ್ಬಿ ಸಡಿಲವಾಗುತ್ತದೆ. ಅಸಿಟೋನ್‌ಗೆ ನೇಲ್ ಪಾಲಿಶ್ ರಿಮೂವರ್ ಬದಲಿ ಅಲ್ಲ, ಅದರಲ್ಲಿ ಎಣ್ಣೆ, ಬಣ್ಣ ಇರುತ್ತದೆ. ಮುಂಬೈಯಲ್ಲಿ ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳಲ್ಲಿ ಕೇಳಿ. ಕಿಟಕಿ ತೆಗೆದಿಡಿ. ದೇವರ ದೀಪ, ಗ್ಯಾಸ್ ಒಲೆ ಹತ್ತಿರ ಇರಬಾರದು.

ಒಣಗಿಸಲು ಪೋರ್ಸಲೀನಿಗೆ ಒಂದು ದಿನ ಸಾಕು. ಅರ್ದನ್‌ವೇರ್ ಆದರೆ ಚಳಿಗಾಲದಲ್ಲೂ ಒಂದು ವಾರ. ಮಳೆಗಾಲದಲ್ಲಿ ಅದನ್ನು ತೊಳೆಯಲೇಬೇಡಿ, ದೀಪಾವಳಿವರೆಗೆ ಕಾಯಿರಿ.

5. ಲೋಹದ ಕೊಂಡಿ ಇದ್ದರೆ

ತಟ್ಟೆ ಮಗುಚಿದಾಗ ಸ್ಟೇಪ್ಲರ್ ಪಿನ್ನಿನಂಥ ಲೋಹದ ತುಂಡು ಕಾಣಿಸಿತಾ? ಹಾಗಾದರೆ ನಿಮ್ಮ ಪಾತ್ರೆ ಹಿಂದೆ ಒಮ್ಮೆ ಒಡೆದು, ಹೊಲಿಗೆ ಹಾಕಿಸಿಕೊಂಡಿದೆ. ಪಿಂಗಾಣಿ ಜೋಡಿಸುವ ಬಹಳ ಹಳೆಯ ವಿಧಾನ ಇದು.

ನಮ್ಮ ಬೀದಿಗಳಿಗೆ ಕಲಾಯಿ ಹಾಕುವವರು ಬರುತ್ತಿದ್ದ ಹಾಗೆ ಚೀನಾದಲ್ಲಿ ಪಿಂಗಾಣಿ ಹೊಲಿಯುವವರು ಬೀದಿ ಬೀದಿ ತಿರುಗುತ್ತಿದ್ದರು. ಬಿಲ್ಲಿನ ದಾರ ಸುತ್ತಿ ತಿರುಗಿಸುವ ಬೈರಿಗೆ, ಅದರ ತುದಿಗೆ ಒಂದು ಚೂರು ವಜ್ರ. ಬಿರುಕಿನ ಎರಡೂ ಬದಿಗೆ ಒಂದೊಂದು ತೂತು. ತೂತು ಆಚೆ ಬದಿಗೆ ಬರಬಾರದು, ದಪ್ಪದ ಅರ್ಧಕ್ಕಿಂತ ತುಸು ಹೆಚ್ಚು ಹೋಗಿ ನಿಲ್ಲಬೇಕು. ಎರಡು ಮಿಲಿಮೀಟರ್ ದಪ್ಪದ ಬಟ್ಟಲಿನಲ್ಲಿ ಇದನ್ನು ಬರಿಗೈಯಲ್ಲಿ ಮಾಡುತ್ತಿದ್ದರು! ತೂತುಗಳು ಬಿರುಕಿನ ಕಡೆಗೆ ಸ್ವಲ್ಪ ಓರೆ. ಕೊಂಡಿಯ ಅಳತೆ ತೂತಿನ ಅಂತರಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಅದನ್ನು ಹಿಗ್ಗಿಸಿ ಕೂರಿಸಿದರೆ ತಾನಾಗಿ ಎರಡೂ ಚೂರನ್ನು ಹತ್ತಿರಕ್ಕೆ ಎಳೆದು ಹಿಡಿಯುತ್ತದೆ. ಅಂಟೇ ಇಲ್ಲ, ಬಿಗಿತದ ಬಲ ಮಾತ್ರ. "ವಜ್ರದ ಬೈರಿಗೆ ಇಲ್ಲದಿದ್ದರೆ ಪಿಂಗಾಣಿ ಕೆಲಸ ಒಪ್ಪಿಕೊಳ್ಳಬೇಡ" ಅನ್ನುವ ಗಾದೆಯೇ ಚೀನಾದಲ್ಲಿ ಇದೆ.

ನಮ್ಮ ಮನೆಯಲ್ಲಿ ಒಂದು ನೀಲಿ-ಬಿಳಿ ತಟ್ಟೆ ಇದೆ. ಮುಂದಿನಿಂದ ನೋಡಿದರೆ ಕೂದಲಿನಂಥ ಒಂದು ಗೆರೆ, ಅಷ್ಟೇ. ಹಿಂದೆ ಮೂರು ಹಿತ್ತಾಳೆ ಕೊಂಡಿಗಳು, ಪ್ರತಿಯೊಂದೂ ಜೀರಿಗೆ ಕಾಳಿಗಿಂತ ಸ್ವಲ್ಪ ಉದ್ದ. ಮಧ್ಯದ ಕೊಂಡಿಯ ಸುತ್ತ ಹಸಿರು ಕಿಲುಬು ಉಂಗುರದ ಹಾಗೆ ಕಟ್ಟಿದೆ. ಉಗುರು ಎಳೆದರೆ ಕೊಂಡಿಯ ತುದಿ ಗ್ಲೇಜಿಗೆ ಸೇರುವ ಜಾಗ ಎಲ್ಲೂ ತಡೆಯುವುದಿಲ್ಲ. ಅಷ್ಟು ಸಮ ಮಾಡಿ ತೀಡಿದ್ದಾರೆ.

ಕೊಂಡಿಗಳು ಗಟ್ಟಿಯಾಗಿದ್ದರೆ ಕೀಳಬೇಡಿ. ಅದು ಪಾತ್ರೆಯ ಚರಿತ್ರೆ. ತೇವ ತಾಗದ ಹಾಗೆ ಇಟ್ಟರೆ ಸಾಕು. ಕಬ್ಬಿಣದ ಕೊಂಡಿ ತುಕ್ಕು ಹಿಡಿದು ಉಬ್ಬುತ್ತಿದ್ದರೆ ಮಾತ್ರ ತೆಗೆಯಬೇಕು. ಆಗಲೂ ಎಳೆಯಬಾರದು. ಸಣ್ಣ ಅರದಿಂದ ಕೊಂಡಿಯನ್ನು ಮಧ್ಯದಲ್ಲಿ ಕತ್ತರಿಸಿ, ಎರಡು ಅರ್ಧವನ್ನೂ ಅದರದರ ಓರೆಯಲ್ಲೇ ಹೊರಗೆ ತೆಗೆಯಿರಿ. ಹೊಸದಾಗಿ ಕೊಂಡಿ ಹಾಕಲು ಮನೆಯಲ್ಲಿ ಪ್ರಯತ್ನ ಬೇಡ. ಡ್ರಿಲ್ ಮೆಷಿನ್ ಹಿಡಿದು ಕೂತರೆ ಒಂದು ಬಿರುಕು ಮೂರಾಗುತ್ತದೆ.

6. ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡುವುದು

ಈ ಹಂತ ಬಿಟ್ಟವರೇ ಜಾಸ್ತಿ ಅಳುತ್ತಾರೆ. ಅವಸರ ಬೇಡ.

ತಳದಿಂದ ಶುರುಮಾಡಿ. ಚೂರುಗಳನ್ನು ಮೇಜಿನ ಮೇಲೆ ಹರಡಿ, ಸಣ್ಣ ಟೇಪಿನ ತುಂಡಿನ ಮೇಲೆ 1, 2, 3 ಬರೆದು ಅಂಟಿಸಿ. ಎರಡು ಚೂರು ಸೇರಿಸಿ, ಅವು ಸೇರಿದ ಗೆರೆಗೆ ಅಡ್ಡಲಾಗಿ ಟೇಪು ಎಳೆದು ಹಾಕಿ. ಟೇಪು ಸ್ವಲ್ಪ ಹಿಗ್ಗಬೇಕು, ಆಗ ಚೂರನ್ನು ಬಿಗಿ ಹಿಡಿಯುತ್ತದೆ. ಚಿನ್ನದ ಗೆರೆಯ ಮೇಲೆ ಟೇಪು ಹಾಕಬೇಡಿ, ಕೀಳುವಾಗ ಚಿನ್ನವೂ ಬರುತ್ತದೆ. ಹೀಗೇ ಕೊನೆಯ ಚೂರಿನವರೆಗೆ.

ಉಗುರನ್ನು ಗೆರೆಯ ಅಡ್ಡಕ್ಕೆ ಆಡಿಸಿ. ಆ ಕಡೆಯಿಂದ ಈ ಕಡೆಗೂ, ಈ ಕಡೆಯಿಂದ ಆ ಕಡೆಗೂ. ಎಲ್ಲೂ ತಡೆಯಬಾರದು. ಮೊದಲ ಜೋಡಣೆಯಲ್ಲಿ ಕೂದಲೆಳೆಯಷ್ಟು ತಪ್ಪಾದರೂ ಅದು ಸುತ್ತ ಬರುತ್ತಾ ಬೆಳೆಯುತ್ತದೆ, ಕೊನೆಯ ಚೂರು ಒಳಗೆ ಕೂರುವುದಿಲ್ಲ. ನನ್ನ ಮೊದಲ ಬಟ್ಟಲಿನಲ್ಲಿ ಹಾಗೇ ಆಯಿತು. ಐದು ಚೂರು ಅಂಟಿಸಿದ ಮೇಲೆ ಆರನೆಯದಕ್ಕೆ ಜಾಗವೇ ಇರಲಿಲ್ಲ. ಪೂರ್ತಿ ಬಿಡಿಸಿ ಮತ್ತೆ ಮಾಡಲು ಹದಿನೈದು ದಿನ ಹಿಡಿಯಿತು.

ಯಾವ ಚೂರು ಮೊದಲು, ಯಾವುದು ಆಮೇಲೆ ಅಂತ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಆಮೇಲೆ ಟೇಪು ಬಿಚ್ಚಿ.

7. ಅಂಟು ಆರಿಸುವುದು

ನನ್ನ ಮಾತು ಕೇಳುವುದಾದರೆ ಒಂದು ನಿಯಮ ಇಟ್ಟುಕೊಳ್ಳಿ. ಮುಂದೆ ಯಾರಾದರೂ ಬಿಡಿಸಬೇಕು ಅಂದರೆ ಬಿಡಿಸಲು ಬರುವ ಅಂಟನ್ನೇ ಹಾಕಿ. ನಿಮ್ಮ ಮಗಳು ನಿಮಗಿಂತ ಚೆನ್ನಾಗಿ ಜೋಡಿಸುವವರನ್ನು ಹುಡುಕಬಹುದು, ಅಲ್ವಾ?

ಹಾಲು-ಸುಣ್ಣದ ಅಂಟು. ಬಹಳ ಹಳೆಯದು, ಎಲ್ಲವೂ ಅಡುಗೆಮನೆಯಲ್ಲೇ ಇದೆ. ಕೆನೆ ತೆಗೆದ ಹಾಲು ಒಂದು ಕಪ್ ಬೆಚ್ಚಗೆ ಮಾಡಿ, ಎರಡು ಚಮಚ ನಿಂಬೆರಸ ಹಾಕಿ ಒಡೆಸಿ. ಪನೀರಿಗೆ ಮಾಡುವ ಹಾಗೆ ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ತೊಳೆದು, ಚೆನ್ನಾಗಿ ಹಿಂಡಿ. ಆ ಗಟ್ಟಿಗೆ ಎಲೆಗೆ ಹಚ್ಚುವ ಬಿಳಿ ಸುಣ್ಣ ಚಿಟಿಕೆ ಚಿಟಿಕೆಯಾಗಿ ಸೇರಿಸಿ ಅರೆಯಿರಿ. ಉಂಡೆ ಉಂಡೆಯಾಗಿದ್ದದ್ದು ಸ್ವಲ್ಪ ಹೊತ್ತಿನಲ್ಲಿ ನುಣ್ಣಗಾಗಿ, ಅಂಟಂಟಾಗಿ ಬೆರಳಿಗೆ ಎಳೆ ಬರುತ್ತದೆ. ಆಗಲೇ ಬಳಸಿ, ಕಾದಿಟ್ಟರೆ ಕಲ್ಲಾಗುತ್ತದೆ. ದಪ್ಪ ಮಣ್ಣಿನ ಪಾತ್ರೆಗೆ ಚೆನ್ನ. ತೆಳು ಪಿಂಗಾಣಿಗೆ ಬೇಡ, ಗೆರೆ ದಪ್ಪ ಕಾಣುತ್ತದೆ. ಒಮ್ಮೆ ಗಟ್ಟಿಯಾದರೆ ಬಿಡಿಸುವುದೂ ಕಷ್ಟ, ಹಾಗಾಗಿ ಬೆಲೆಬಾಳುವುದಕ್ಕೆ ಹಾಕಬೇಡಿ. ಮಾಡುವುದಾದರೆ ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.

ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವ ಅದೇ ಅರಗು. ಅಂಚನ್ನು ಬಿಸಿ ಮಾಡಿ ಹಚ್ಚುತ್ತಿದ್ದರು, ಇಲ್ಲವೇ ಸ್ಪಿರಿಟ್‌ನಲ್ಲಿ ಕರಗಿಸುತ್ತಿದ್ದರು. ಬಿಡಿಸಲು ಸುಲಭ, ಅದೊಂದೇ ಒಳ್ಳೆ ಗುಣ. ಬಣ್ಣ ಬಿಡುತ್ತದೆ, ಬಿಸಿಗೆ ಮೆತ್ತಗಾಗುತ್ತದೆ, ತೇವದ ಗಾಳಿಯಲ್ಲಿ ಬೆಳ್ಳಗೆ ಮಂಜು ಕಟ್ಟುತ್ತದೆ. ನಾನು ಬಳಸುವುದಿಲ್ಲ.

ಸಂರಕ್ಷಕರ, ಅಂದರೆ ಮ್ಯೂಸಿಯಂಗಳಲ್ಲಿ ಹಳೆ ವಸ್ತು ಕಾಪಾಡುವವರ ಅಂಟು. ಇದು ಸಾಂಪ್ರದಾಯಿಕ ಅಲ್ಲ, ಆದರೆ ಹೇಳದಿದ್ದರೆ ತಪ್ಪಾಗುತ್ತದೆ. ಪ್ಯಾರಲಾಯ್ಡ್ ಬಿ-72 ಅನ್ನುವ ಹರಳು. ಅಸಿಟೋನ್‌ನಲ್ಲಿ ಸಮತೂಕ ಕರಗಿಸಿ ಬಳಸುತ್ತಾರೆ. ಎಷ್ಟು ವರ್ಷ ಬಿಟ್ಟು ಬೇಕಾದರೂ ಅಸಿಟೋನ್ ತಾಗಿಸಿದರೆ ಬಿಡುತ್ತದೆ, ಹಳದಿಯಾಗುವುದಿಲ್ಲ. ಒಂದೇ ಕೊರತೆ, 40 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಪುಣೆಯವರು ಏಪ್ರಿಲ್, ಮೇ ತಿಂಗಳಲ್ಲಿ ಇದನ್ನು ಕಿಟಕಿ ಪಕ್ಕ ಇಟ್ಟರೆ ಭರಣಿ ನಿಧಾನಕ್ಕೆ ವಾಲುತ್ತದೆ. ತಟ್ಟೆ, ಬಟ್ಟಲಿಗೆ ನನ್ನ ಮೊದಲ ಆಯ್ಕೆ ಇದೇ. ಭಾರದ ಭರಣಿಗೆ ಮಾತ್ರ ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ. ಅದು ಬಿಸಿಲಿಗೆ ಹಳದಿಯಾಗುತ್ತದೆ ಅನ್ನುವುದು ಗೊತ್ತಿರಲಿ. ಇನ್‌ಸ್ಟಂಟ್ ಅಂಟು ಯಾವುದಕ್ಕೂ ಬೇಡ. ಚೂರನ್ನು ಸರಿ ಕೂರಿಸುವ ಮೊದಲೇ ಹಿಡಿದುಬಿಡುತ್ತದೆ.

ಮೆರುಗೆಣ್ಣೆ. ಇದು ಜಪಾನಿನ ದಾರಿ. ಇದಕ್ಕೆ ಬೇರೆಯೇ ಹಂತ ಬೇಕು, ಮುಂದೆ ಬರುತ್ತದೆ.

ಹಚ್ಚುವಾಗ ಅಂಟು ಕಡಿಮೆ ಇರಲಿ. ಅಂಚಿನ ನಡುವೆ ಹಲ್ಲುಕಡ್ಡಿಯಿಂದ ತೆಳ್ಳಗೆ, ಒಂದೇ ಬದಿಗೆ. ಒತ್ತಿ, ಟೇಪು ಹಾಕಿ, ಉಗುರಿನಿಂದ ನೋಡಿ. ಹೊರಬಂದ ಅಂಟನ್ನು ತಕ್ಷಣ ಒರೆಸಬೇಡಿ, ಗೆರೆಯೊಳಗೆ ಬಳಿದುಕೊಳ್ಳುತ್ತದೆ. ಸ್ವಲ್ಪ ಗಟ್ಟಿಯಾದ ಮೇಲೆ ಬ್ಲೇಡಿನಿಂದ ಎಬ್ಬಿಸಿ. ಪಾತ್ರೆಯನ್ನು ಅಕ್ಕಿ ತುಂಬಿದ ಡಬ್ಬದಲ್ಲಿ ನಿಲ್ಲಿಸಿ. ಮೇಲಿನ ಚೂರಿನ ಭಾರ ಗೆರೆಯ ಮೇಲೆ ನೇರ ಕೆಳಗೆ ಬೀಳಬೇಕು, ಆಗ ಜಾರುವುದಿಲ್ಲ. ಆ ಅಕ್ಕಿಯನ್ನು ಮತ್ತೆ ಅಡುಗೆಗೆ ತರಬೇಡಿ. ಅದಕ್ಕೇ ಅಂತ ಒಂದು ಡಬ್ಬ ಇಡಿ.

8. ಮೆರುಗೆಣ್ಣೆ ಮತ್ತು ಚಿನ್ನ: ಮಳೆಗಾಲದ ಕೆಲಸ

ಕಿಂತ್ಸುಗಿ ಅನ್ನುವ ಹೆಸರು ಕೇಳಿರುತ್ತೀರಿ. ಚಿನ್ನದಿಂದ ಜೋಡಿಸುವುದು ಅಂತ ಅರ್ಥ. ಆದರೆ ಪಾತ್ರೆಯನ್ನು ಹಿಡಿಯುವುದು ಚಿನ್ನ ಅಲ್ಲ, ಉರುಶಿ ಅನ್ನುವ ಮರದ ಸೊನೆ, ಮೆರುಗೆಣ್ಣೆ ಅಂದದ್ದು ಇದನ್ನೇ. ಚಿನ್ನ ಮೇಲಿನ ಅಲಂಕಾರ. ಮಾರುಕಟ್ಟೆಯಲ್ಲಿ ಸಿಗುವ ಕಿಟ್ಟುಗಳಲ್ಲಿ ಬಹಳಷ್ಟು ಎಪಾಕ್ಸಿ ಮತ್ತು ಹಿತ್ತಾಳೆ ಪುಡಿ. ಕೊಳ್ಳುವ ಮೊದಲು ಡಬ್ಬದ ಮೇಲೆ ಓದಿ.

ಎಚ್ಚರಿಕೆ ಮೊದಲು. ಉರುಶಿ ಮರ ನಮ್ಮ ಮಾವು, ಗೇರಿನ ಕುಟುಂಬದ್ದೇ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡವರಿಗೆ, ಮಾವಿನ ಸೊನೆಗೆ ತುಟಿ ಊದಿಕೊಂಡವರಿಗೆ ಇದೂ ಆಗುವ ಸಂಭವ ಜಾಸ್ತಿ. ಅಂಥವರು ಇದನ್ನು ಮಾಡಲೇಬೇಡಿ. ಉಳಿದವರೂ ಉದ್ದ ತೋಳಿನ ಅಂಗಿ, ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಚರ್ಮಕ್ಕೆ ತಾಗಿದರೆ ಮೊದಲು ಅಡುಗೆ ಎಣ್ಣೆಯಿಂದ ಒರೆಸಿ, ಆಮೇಲೆ ಸೋಪು. ಮಕ್ಕಳಿಂದ ದೂರ ಇರಲಿ.

ಹಾಲು-ಸುಣ್ಣದಂಥ ಅಂಟು ನೀರಾರಿ ಒಣಗುತ್ತದೆ. ಉರುಶಿ ಗಾಳಿಯ ತೇವ ಕುಡಿದು ಗಟ್ಟಿಯಾಗುತ್ತದೆ. 20ರಿಂದ 30 ಡಿಗ್ರಿ, ತೇವ 70ರಿಂದ 85 ಶೇಕಡ ಬೇಕು. ಜಪಾನಿನಲ್ಲಿ ಇದಕ್ಕಾಗಿ ಒದ್ದೆ ಬಟ್ಟೆ ಇಟ್ಟ ಮರದ ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ. ನಮಗೆ ಜುಲೈಯಲ್ಲಿ ಮುಂಬೈ, ಗೋವಾದ ಒಂದು ಮುಚ್ಚಿದ ಕಪಾಟೇ ಸಾಕು. ಎಸಿ ಕೋಣೆಯಲ್ಲಿ ಮಾತ್ರ ಇಡಬೇಡಿ. ಅಲ್ಲಿ ಗಾಳಿ ಒಣಗಿರುತ್ತದೆ, ವಾರವಾದರೂ ಹಸಿಯಾಗೇ ಇರುತ್ತದೆ.

ಮೈದಾ ಮತ್ತು ನೀರು ಕಲಸಿ ಚ್ಯೂಯಿಂಗ್ ಗಮ್ಮಿನ ಹಾಗೆ ಎಳೆ ಬರುವವರೆಗೆ ನಾದಿ. ಅದಕ್ಕೆ ಸುಮಾರು ಅಷ್ಟೇ ಉರುಶಿ ಸೇರಿಸಿ ಅರೆಯಿರಿ. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಒತ್ತಿ ಟೇಪು ಹಾಕಿ. ಕಪಾಟಿನಲ್ಲಿ ಕನಿಷ್ಠ ಎರಡು ವಾರ. ನಡುವೆ ತೆಗೆದು ಅಲುಗಾಡಿಸಿ ನೋಡಬಾರದು, ಹಾಗೆ ಮಾಡಿದರೆ ಮತ್ತೆ ಮೊದಲಿಂದ ಶುರು.

ಗಟ್ಟಿಯಾದ ಮೇಲೆ ಹೆಚ್ಚಾದದ್ದನ್ನು ಬ್ಲೇಡಿನಿಂದ ಕೆರೆಯಿರಿ. ಗೆರೆಯಲ್ಲಿ ತಗ್ಗು ಉಳಿದಿದ್ದರೆ ನುಣ್ಣನೆ ಕಲ್ಲಿನ ಪುಡಿ, ನೀರು, ಉರುಶಿ ಕಲಸಿದ ಗಾರೆ ತುಂಬಿ. ಒಂದು ಸಲಕ್ಕೆ ಒಂದು ಮಿಲಿಮೀಟರಿಗಿಂತ ದಪ್ಪ ಬೇಡ. ದಪ್ಪ ಹಾಕಿದರೆ ಮೇಲೆ ಗಟ್ಟಿ, ಒಳಗೆ ಹಸಿ. ಪ್ರತಿ ಪದರಕ್ಕೂ ಎರಡು ಮೂರು ದಿನ. ಆಮೇಲೆ 800 ನಂಬರಿನ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ, ಚಿಕ್ಕ ಚೌಕ ಮಾಡಿ, ಗೆರೆಯ ಮೇಲೆ ಮಾತ್ರ ಉಜ್ಜಿ. ಅಕ್ಕಪಕ್ಕದ ಗ್ಲೇಜಿಗೆ ಗೀರು ಬಿದ್ದರೆ ಅದು ಹೋಗುವುದಿಲ್ಲ.

ಕಪ್ಪು ಉರುಶಿಯ ತೆಳು ಗೆರೆ, ಮತ್ತೆ ಕಪಾಟು, ಮತ್ತೆ ಉಜ್ಜು. ಕೊನೆಗೆ ಕೆಂಪು ಉರುಶಿಯ ಕೂದಲಿನಂಥ ಗೆರೆ. ಅದು ಪೂರ್ತಿ ಗಟ್ಟಿಯಾಗುವ ಮೊದಲು, ಬೆರಳು ಹತ್ತಿರ ತಂದರೆ ಅಂಟುವ ಹಾಗಿದ್ದಾಗ, ಚಿನ್ನದ ಪುಡಿಯನ್ನು ರೇಷ್ಮೆ ಎಳೆಯ ಉಂಡೆಯಿಂದ ಮೆಲ್ಲಗೆ ಉದುರಿಸಬೇಕು. ಬೇಗ ಉದುರಿಸಿದರೆ ಚಿನ್ನ ಮುಳುಗಿ ಮಂಕಾಗುತ್ತದೆ, ತಡವಾದರೆ ಕೂರುವುದೇ ಇಲ್ಲ. ಚಿನ್ನ ದುಬಾರಿ ಅನ್ನಿಸಿದರೆ ಕೆಂಪಿಗೇ ನಿಲ್ಲಿಸಿ. ಕೆಂಪು ಗೆರೆಯ ಬಟ್ಟಲೂ ಚಂದವೇ.

ಜೂನ್ ಕೊನೆಗೆ ಶುರುಮಾಡಿದರೆ ಗಣೇಶ ಚೌತಿ ಹೊತ್ತಿಗೆ ಮುಗಿಯುತ್ತದೆ.

9. ಚೂರೇ ಕಳೆದುಹೋಗಿದ್ದರೆ

ಇದಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಕು, ಅಂಗಡಿಯಲ್ಲಿ ಪಿಒಪಿ ಅಂದರೆ ಕೊಡುತ್ತಾರೆ. ಒಳಬದಿಯಿಂದ ಮಕ್ಕಳು ಆಡುವ ಮೆತ್ತನೆಯ ಕ್ಲೇ ಒತ್ತಿ ಅಚ್ಚು ಮಾಡಿ. ನೀರಿಗೆ ಪುಡಿ ಉದುರಿಸಿ, ಪುಡಿಗೆ ನೀರು ಹಾಕಿದರೆ ಗಂಟಾಗುತ್ತದೆ. ದೋಸೆ ಹಿಟ್ಟಿನ ಹದಕ್ಕೆ ಬಂದಾಗ ತುಂಬಿ. ಪೂರ್ತಿ ಗಟ್ಟಿಯಾಗುವ ಮೊದಲೇ ಚಾಕುವಿನಿಂದ ಆಕಾರಕ್ಕೆ ಕೆತ್ತಿ. ಒಣಗಿದ ಮೇಲೆ ಅಕ್ರಿಲಿಕ್ ಬಣ್ಣ. ಬಣ್ಣ ಪ್ಲಾಸ್ಟರಿನ ಮೇಲೆ ಮಾತ್ರ ಇರಬೇಕು. ಹೊಂದಿಕೆಯಾಗಲಿ ಅಂತ ಹಳೆ ಗ್ಲೇಜಿನ ಮೇಲೂ ಬಳಿಯುವವರಿದ್ದಾರೆ, ಅದು ಪಾತ್ರೆಯ ಮೈ ಮುಚ್ಚಿದ ಹಾಗೆ. ಚಳಿಗಾಲದಲ್ಲಿ ಮಾಡಿ, ಮಳೆಯಲ್ಲಿ ಪಿಒಪಿ ಒಣಗುವುದೇ ಇಲ್ಲ.

10. ಆಮೇಲೆ

ಜೋಡಿಸಿದ ಪಾತ್ರೆಗೆ ಬಿಸಿ ಹಾಕಬೇಡಿ, ನೀರಿನಲ್ಲಿ ನೆನೆಸಬೇಡಿ, ಮೈಕ್ರೋವೇವ್ ಮಾತು ಎತ್ತಲೇಬೇಡಿ. ಹಿಡಿ ಅಂಟಿಸಿದ ಕಪ್ಪನ್ನು ಯಾವತ್ತೂ ಹಿಡಿಯಿಂದ ಎತ್ತಬಾರದು. ಮನೆಗೆ ಬಂದವರಿಗೂ ಹೇಳಿ. ಭರಣಿ ಎತ್ತುವಾಗ ಒಂದು ಕೈ ತಳದ ಕೆಳಗೆ ಇರಲಿ, ಕಂಠ ಹಿಡಿದು ಎತ್ತಬೇಡಿ. ಗೋಡೆಗೆ ತಟ್ಟೆ ನೇತು ಹಾಕುವ ಸ್ಪ್ರಿಂಗಿನ ತಂತಿ ಬೇಡ, ಅದರ ಬಿಗಿತಕ್ಕೇ ಹಳೆ ಗೆರೆ ಬಿಡುತ್ತದೆ. ಮರದ ಸ್ಟ್ಯಾಂಡಿನಲ್ಲಿ ಒರಗಿಸಿ ಇಡಿ.

ಇನ್ನೊಂದೇ ಕೆಲಸ. ಒಂದು ಚೀಟಿಯಲ್ಲಿ ಯಾವ ಅಂಟು, ಯಾವ ತಿಂಗಳು, ಯಾವ ವರ್ಷ, ಎಷ್ಟು ಚೂರು ಅಂತ ಬರೆದು ಭರಣಿಯ ಒಳಗೆ ಹಾಕಿ. ಎಲ್ಲೂ ಕೂರದೆ ಉಳಿದ ಪುಡಿ ಚೂರುಗಳನ್ನು ಲಕೋಟೆಯಲ್ಲಿ ಹಾಕಿ ಅದೇ ಚೀಟಿಗೆ ಪಿನ್ ಮಾಡಿ. ಯಾರ ಮನೆಯ ಭರಣಿ, ಯಾವ ಊರಿಂದ ಬಂತು, ಅಜ್ಜಿ ಅದರಲ್ಲಿ ಏನು ಹಾಕುತ್ತಿದ್ದರು ಅನ್ನುವುದನ್ನೂ ಎರಡು ಸಾಲು ಬರೆಯಿರಿ.